ತುಂಬಿದ ಉಡಿ ಹೊತ್ತು ಗುಡ್ಡ ಹತ್ತಿದ್ದು

ಠಾಣಾ ಕುಶನೂರಿನ ಸಾಲೆಯ ಪಡಸಾಲೆಯಲ್ಲಿ ನಾವು ಹಾಸಿಗೆ ಸುತ್ತಿಡುವ ಹೊತ್ತಿಗೆ ಮೂಡಣ ಆಗಷ್ಟೇ ಬೆಳ್ಳಗಾಗುತ್ತಿತ್ತು. ಬೀದರದ ಹೆಣ್ಣುಮಕ್ಕಳ ಟ್ರೇನಿಂಗ್ ಸಾಲೆಯಿಂದ ಹಿಂದಿನ ಸಂಜೆಯ ಬಸ್ಸಿಗೆ ಬಂದಿದ್ದೆವು. ಅಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಜೊತೆಗಿದ್ದ ಹತ್ತು ಹನ್ನೆರಡು ಮಂದಿ ಮುಂದೆ ಊರೂರ ಸಾಲೆಗಳಲ್ಲಿ ಕಲಿಸಬೇಕಾದವರು. ಎಲ್ಲರೂ ಮದುವೆಯಾದವರೇ, ಕೆಲವರು ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವರು.

ನಮ್ಮ ಸೀಮೆಯನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ಮೂರು ವರ್ಷ ಕಳೆದಿತ್ತು. ಅಲ್ಲಿಯವರೆಗೆ ನಾನು ಕಲಿತದ್ದೂ ಕಲಿಸಿದ್ದೂ ಉರ್ದುವಿನಲ್ಲಿ, ಜುಗ್ರಾಫಿಯಾ ಎಂಬ ಹೆಸರಿನಲ್ಲಿ. ಈಗ ಅದೇ ಹೊಳೆ, ಅದೇ ಗುಡ್ಡವನ್ನು ಕನ್ನಡದಲ್ಲಿ ಹೇಳಬೇಕಾಗಿತ್ತು. ನಕ್ಷೆಯ ಪಾಠ ಬಂದಾಗ ನನ್ನ ನಾಲಿಗೆ ತಡವರಿಸಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಬಾಯಿಲೆ ಹೇಳೂದು ಸಾಕು. ಗುಡ್ಡ ಹತ್ತಿ ನೋಡೋಣು, ನಡೀರಿ" ಎಂದುಬಿಟ್ಟೆ. ಹೆಡ್‌ಮಿಸ್ಟ್ರೆಸ್ಸರು ನಕ್ಕು, "ದೂರದ ಬೆಟ್ಟ ಕಣ್ಣಿಗೆ ನುಣ್ಣಗ ನೋಡವ್ವಾ" ಅಂದರು. ಆದರೂ ಹೋಗಿಬರಲು ಇಜಾಜತ್ ಕೊಟ್ಟರು. ಮೇಲಿಂದ ಒಂದು ಶರತ್ತನ್ನೂ ಹಾಕಿದರು: ಪ್ರತಿಯೊಬ್ಬಳೂ ತನ್ನ ಕೈಯಾರೆ ಒಂದು ನಕ್ಷೆ ಮಾಡಿ ತರಬೇಕು, ಪರೀಕ್ಷೆಯಲ್ಲಿ ಅದನ್ನೇ ನೋಡಲಾಗುವುದು.

ಕೆಲಸದ ರೀತಿ ಸರಳ. ಮೂರು ಕಾಲಿನ ಮೇಲೆ ಒಂದು ಹಲಗೆ, ಅದರ ಮೇಲೆ ಕಾಗದ. ಕಂಪಾಸು ಇಟ್ಟು ಉತ್ತರ ಗುರುತು ಮಾಡಬೇಕು. ಆಮೇಲೆ ಪಟ್ಟಿಯ ಅಂಚಿಗೆ ಕಣ್ಣು ಹಚ್ಚಿ ದೂರದ ಗುಡಿಯ ಕಡೆಗೊಂದು, ಹೊಳೆಯ ತಿರುವಿನ ಕಡೆಗೊಂದು, ದೊಡ್ಡ ಮರದ ಕಡೆಗೊಂದು ಗೆರೆ ಎಳೆಯಬೇಕು. ಆದರೆ ಒಂದು ಕಡೆಯಿಂದ ಎಳೆದ ಗೆರೆ ಗುಡಿ ಯಾವ ದಿಕ್ಕಿಗಿದೆ ಎಂದಷ್ಟೇ ಹೇಳುತ್ತದೆ, ಎಷ್ಟು ದೂರ ಎಂದು ಹೇಳುವುದಿಲ್ಲ. ಇನ್ನೊಂದು ಜಾಗಕ್ಕೆ ಹೋಗಿ ಅದೇ ಗುಡಿಯ ಕಡೆಗೆ ಮತ್ತೊಂದು ಗೆರೆ ಎಳೆದಾಗ ಎರಡೂ ಎಲ್ಲಿ ಕೂಡುತ್ತವೋ ಅಲ್ಲಿ ಗುಡಿ. ನಮ್ಮ ಮೊದಲ ಜಾಗ ಕುಶನೂರಿನ ಹೊರಗಿನ ದಿಬ್ಬ, ಎರಡನೆಯದು ಗುಡ್ಡದ ನೆತ್ತಿ; ಎರಡನ್ನೂ ಕೂಡಿಸುವ ಗೆರೆಯನ್ನು ಮೊದಲೇ ಎಳೆದಿಡಬೇಕು. ನೆತ್ತಿ ಮುಟ್ಟದವಳ ಕಾಗದದಲ್ಲಿ ಎಲ್ಲಿಗೂ ಸೇರದ ಗೆರೆಗಳಷ್ಟೇ ಉಳಿಯುತ್ತಿದ್ದವು.

ದಿಬ್ಬದ ಮೇಲೆ ಹಲಗೆ ನಿಲ್ಲಿಸುತ್ತಿದ್ದಾಗ ಎಕಂಬಾದ ಕಡೆಯಿಂದ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯಿಂದ ಇಳಿದವಳು ಕಂದು ಸೀರೆ ಉಟ್ಟು ಹಣೆ ತುಂಬ ವಿಭೂತಿ ಹಚ್ಚಿದ್ದ ಮುದುಕಿ. ನಮ್ಮಲ್ಲಿದ್ದ ಎಕಂಬಾದ ಸೊಸೆಯೊಬ್ಬಳ ಅತ್ತೆ. ಆ ಸೊಸೆ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡ ಸೋಲಾಪುರದ ಮಿಲ್ಲಿನಲ್ಲಿದ್ದ. ಹೆಂಡತಿ ಕಲಿಯಲಿ ಎಂದು ಅವನು ಒಪ್ಪಿದ್ದ. ಮನೆ ಮಾತ್ರ ಅತ್ತೆಯ ಕೈಯಲ್ಲಿತ್ತು.

"ನೀವೇ ಏನ್ರಿ ಅಕ್ಕೋರು?" ಎಂದು ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗುಡ್ಡ ಹತ್ತಿಸಿ ಸಾಲಿ ಕಲಸ್ತೀರಂತ. ನಮ್ಮ ಆಡು ದಿನಾ ಹತ್ತತಾವ. ಒಂದೂ ಮಾಸ್ತರಕಿ ಮಾಡಲಿಲ್ಲ ನೋಡ್ರಿ."

ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು, ಆದರೆ ತೋರಿಸಲಿಲ್ಲ.

"ನಾನೂ ಬರ್ತೇನಿ," ಅಂದಳು ಆಕೆ. "ಸೊಸಿ ನನ್ನ ಕಣ್ಣ ಮುಂದ ಇರಬೇಕು. ಒಂದು ಗಳಿಗಿ ಕಣ್ಮರಿ ಆದ್ಲಂದ್ರ, ಇವತ್ತೇ ಗಾಡ್ಯಾಗ ಕೂಡಿಸಿ ಕರ್ಕೊಂಡು ಹೋಗ್ತೇನಿ. ಸಾಲಿ ಅಲ್ಲಿಗಿ ಸಾಕು."

ಸೊಸೆಯ ಮುಖ ಸಣ್ಣದಾಯಿತು. ಆಕೆ ಮಾತು ಕಡಿಮೆಯವಳು. ಆದರೆ ಪಟ್ಟಿ ಹಿಡಿದರೆ ನಮ್ಮ ಸಾಲೆಯಲ್ಲಿ ಅವಳಷ್ಟು ನೇರ ಗೆರೆ ಎಳೆಯುವವರು ಇರಲಿಲ್ಲ. ಅಂಥವಳನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಹಲ್ಲು ಕಚ್ಚಿ "ಆಗ್ಲಿರಿ ಯವ್ವಾ" ಎಂದೆ. ಗಾಡಿಯವನು ಸಂಜೆಯವರೆಗೆ ಕುಶನೂರಿನಲ್ಲೇ ಕಾಯುವುದೆಂದು ಆಯಿತು. ನಮ್ಮ ಕೊನೆಯ ಬಸ್ಸೂ ಸಂಜೆಗೇ.

ಹಲಗೆ ಒಂದೇ ಇದ್ದುದರಿಂದ ಪಾಳಿ ಹಚ್ಚಿ ಗೆರೆ ಎಳೆಸಿದೆ. ಬಿಸಿಲು ಏರುವ ಮೊದಲು ಹೊರಟೆವು. ಕಪ್ಪು ಹೊಲದ ನಡುವೆ ಬದು ಹಿಡಿದು ಹೋಗುವಾಗ ಎರಡೂ ಕಡೆ ಜೋಳ ತಲೆಯ ಮಟ್ಟಕ್ಕಿತ್ತು. ಒಬ್ಬಳು ಹಲಗೆ ಹೊತ್ತರೆ ಇನ್ನೊಬ್ಬಳು ಅದರ ಕಾಲು ಹೊತ್ತಳು. ಹೊಲದಲ್ಲಿ ಎಳೆ ತೆನೆಯ ಸೀತನಿ ಸುಡುತ್ತಿದ್ದವರು ಕರೆದು ಕೈತುಂಬ ಎಳೆಗಾಳು ಕೊಟ್ಟರು. ಬಿಸಿ ಕಾಳು ಜಗಿಯುತ್ತ, ಹಾಡುತ್ತ ನಡೆದೆವು. ಮುದುಕಿ ಎಲ್ಲರಿಗಿಂತ ಮುಂದೆ. ಅವಳ ನಡಿಗೆ ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಗುಡ್ಡದ ಬುಡದಲ್ಲಿ ಒಂದು ಸಣ್ಣ ಹಳ್ಳಿ. ನಮ್ಮ ಗುಂಪಿನ ಒಬ್ಬಳ ತವರು ಅದು. ಅಲ್ಲಿ ನೀರು ಕುಡಿದು, ಒಂದಿಷ್ಟು ಕೂತು, ಹತ್ತಲು ಶುರು ಮಾಡುವುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ನಾನು ಒಂದನ್ನು ಹಿಡಿದಿರಲಿಲ್ಲ. ಮಿಶನ್ ಕಂಪೌಂಡಿನಲ್ಲಿ ಬೆಳೆದವಳು ನಾನು, ನಮ್ಮ ಮನೆಯಲ್ಲಿ ಉಡಿ ತುಂಬುವ ರೂಢಿ ಇರಲಿಲ್ಲ. ಮನೆಮಗಳು ಇಷ್ಟು ಮಂದಿ ಮುತ್ತೈದೆಯರನ್ನು ಕರೆದುಕೊಂಡು ಬರುತ್ತಾಳೆ ಅಂದರೆ ಊರು ಸುಮ್ಮನಿರುತ್ತದೆಯೇ? ಊರ ಅಗಸಿಯ ಬಾಗಿಲಲ್ಲೇ ಹೆಂಗಸರು ತಾಟು ಹಿಡಿದು ನಿಂತಿದ್ದರು. ಮನೆಮನೆಗೆ ಕರೆದು, ಹಣೆಗೆ ಕುಂಕುಮ ಹಚ್ಚಿ, ಸೆರಗಿನ ಮಡಿಲಿಗೆ ಬೊಗಸೆ ಬೊಗಸೆ ಜೋಳ, ಒಂದು ತೆಂಗಿನಕಾಯಿ, ಅರಿಶಿನದ ಕೊಂಬು, ಕುಬಸ ಹೊಲಿಸುವ ಕಣ ಹಾಕಿ ಉಡಿ ತುಂಬಿದರು. ಒಂದು ಮನೆ ಮುಗಿದರೆ ಇನ್ನೊಂದು ಮನೆಯವರು ಕೈಹಿಡಿದು ಎಳೆಯುತ್ತಿದ್ದರು.

ನನ್ನ ಮುಂದೆ ಬಂದಾಗ ತವರಿನವಳ ತಾಯಿ ಸ್ವಲ್ಪ ತಡೆದಳು. "ನಿಮ್ಮ ಮಂದ್ಯಾಗ ನಡೀತದೇನ್ರಿ ಅಕ್ಕೋರೆ?"

"ಪ್ರೀತಿಲೆ ಕೊಟ್ಟದ್ದು ಎಲ್ಲರ ಮಂದ್ಯಾಗೂ ನಡೀತದ್ರಿ ಯವ್ವಾ" ಅಂದೆ. ಆಕೆ ಖುಷಿಯಾಗಿ ಎರಡು ಬೊಗಸೆ ಹೆಚ್ಚೇ ಹಾಕಿದಳು. ಒಳ್ಳೆಯ ಮಾತಾಡಿದ್ದಕ್ಕೆ ಸಿಕ್ಕ ಶಿಕ್ಷೆ ಅದು.

ಇಷ್ಟೆಲ್ಲ ನಡೆಯುವಾಗ ಮುದುಕಿ ದೂರದ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಗಂಡನನ್ನು ಕಳೆದುಕೊಂಡವಳಿಗೆ ಉಡಿ ತುಂಬುವುದಿಲ್ಲ. ಯಾರೂ ಹೇಳುವ ಮೊದಲೇ ತಾನಾಗಿ ಸರಿದು ಕೂತಿದ್ದಳು. ಆಕೆಗೆ ಒಂದು ಬಟ್ಟಲು ಮಜ್ಜಿಗೆ ಕೊಟ್ಟರು. ಆ ಬೆನ್ನು ನೋಡಿ ನನಗೆ ಸಂಕಟವಾಯಿತು. ಬೆಳಿಗ್ಗೆ ಹಾಗೆ ಗದರಿದವಳು ಇವಳೇನಾ ಅನ್ನಿಸಿತು.

ಬೀಳ್ಕೊಡುವಾಗ ಒಬ್ಬ ಹೆಂಗಸು ಗುಡ್ಡದ ಕಡೆ ಕೈ ತೋರಿದಳು. "ರಜಾಕಾರರ ಗದ್ದಲದಾಗ ಅಂಜಿ ಹತ್ತಿದ ಗುಡ್ಡ ಅದು. ಕೂಸಿನ ಬಾಯಿಗಿ ಕೈ ಒತ್ತಿ ಕುಂತಿದ್ವಿ. ನೀವು ನಕ್ಕೋತ ಹತ್ತರಿ ತಾಯಿ."

ನಕ್ಕೋತಲೇ ಹೊರಟೆವು. ಆದರೆ ತುಂಬಿದ ಉಡಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹತ್ತುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು. ಕೆಂಪು ಮೊರಂ ಕಲ್ಲು ಕಾಲ ಕೆಳಗೆ ಜಾರುತ್ತಿತ್ತು. ಬಗ್ಗಿದರೆ ಜೋಳ ಚೆಲ್ಲುತ್ತಿತ್ತು, ನೆಟ್ಟಗಾದರೆ ಸೊಂಟ ಹಿಡಿಯುತ್ತಿತ್ತು. ಹಳ್ಳಿಯಲ್ಲೇ ಇಟ್ಟು ಬರೋಣವೆಂದರೆ ತುಂಬಿದವರ ಮನೆಯಲ್ಲೇ ಉಡಿ ಬಿಟ್ಟು ಬರುವುದು ಅವರ ಮುಖದ ಮೇಲೆ ಬಾಗಿಲು ಹಾಕಿದಂತೆ.

ಸೂರ್ಯ ನೆತ್ತಿಗೆ ಬಂದಾಗ ಒಂದು ಬಸರಿ ಮರದ ಕೆಳಗಿನ ಹಾಸುಗಲ್ಲಿಗೆ ಮುಟ್ಟಿದೆವು. ಅಲ್ಲಿಂದ ಮುಂದೆ ದಾರಿ ಬಂಡೆಯ ಸಂದಿಯಲ್ಲಿ ಹೋಗಿ ಗುಡ್ಡದ ಹೆಗಲು ಸುತ್ತಿ ಮರೆಯಾಗುತ್ತಿತ್ತು. ತವರಿನವಳಿಗೆ ಆ ದಾರಿ ಗೊತ್ತಿತ್ತು. "ಇಲ್ಲಿಂದ ಎರಡೂ ಕೈ ಬೇಕ್ರಿ ಅಕ್ಕೋರೆ. ಬಂಡಿಗಲ್ಲು ಹಿಡಕೊಂಡೇ ಹತ್ತಬೇಕು" ಎನ್ನುತ್ತ ತೋರಿಸಲು ಹೋದಳು. ಅಷ್ಟರಲ್ಲಿ ಅವಳ ಉಡಿಯಿಂದ ತೆಂಗಿನಕಾಯಿ ಜಿಗಿದು ಇಳಿಜಾರಿನಲ್ಲಿ ಉರುಳುತ್ತ ಹೋಯಿತು. ಎಲ್ಲರೂ "ಅಯ್ಯಯ್ಯೋ" ಎಂದು ಕೂಗಿದರು. ಕಾಯಿ ಒಂದು ಪೊದೆಯಲ್ಲಿ ಸಿಕ್ಕಿ ನಿಂತಿತು.

"ಉಡಿ ಚೆಲ್ಲಿತು. ಮುಗೀತು," ಎಂದಳು ಮುದುಕಿ. "ತಿರುಗರಿ ಹಿಂದಕ್ಕ."

"ನೆಲಾ ಮುಟ್ಟಿಲ್ರಿ ಯವ್ವಾ, ಪೊದಿ ಅಷ್ಟೇ ಮುಟ್ಟ್ಯದ!" ಎಂದು ತವರಿನವಳು ಕಾಯಿ ಎತ್ತಿ ತಂದು ವಕೀಲರಂತೆ ವಾದಿಸಿದಳು. ಉರುಳುವಾಗ ಅದು ಎಷ್ಟು ಸಲ ನೆಲ ಮುಟ್ಟಿತೆಂದು ನಾವೆಲ್ಲ ನೋಡಿದ್ದೆವು. ಯಾರೂ ಬಾಯಿ ಬಿಡಲಿಲ್ಲ.

ಉಡಿಗಳನ್ನು ಇಲ್ಲೇ ಹಾಸುಗಲ್ಲಿನ ಮೇಲೆ ಇಟ್ಟು ಹೋಗೋಣ ಅಂದೆ. "ಮನಿ ಮುಟ್ಟೋತನ ಉಡಿ ನೆಲಕ್ಕ ಇಡಬಾರದು" ಎಂದಳು ಮುದುಕಿ. ಬಟ್ಟೆಯಲ್ಲಿ ಗಂಟು ಕಟ್ಟಿ ಮರಕ್ಕೆ ತೂಗು ಹಾಕೋಣವೇ? "ಗಿಡಕ್ಕ ಕಟ್ಟೂದು ಹರಕಿ. ಉಡಿ ಕಟ್ಟತಾರೇನ್ರಿ ಯಾರಾದ್ರೂ?" ಅದೂ ಅಲ್ಲದೆ ಮೇಲಿನ ಕೊಂಬೆಯಲ್ಲಿ ಮಂಗಗಳು ಆಗಲೇ ನಮ್ಮ ಕಾಯಿ ಎಣಿಸುತ್ತಿದ್ದವು.

ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇತ್ತು. ಮುದುಕಿ ಹಾಸುಗಲ್ಲಿನ ಮೇಲೆ ಕುಸಿದು ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. "ನನ್ನ ಕಾಲು ಇಲ್ಲಿಗೇ ಮುಗದ್ವು. ನಾ ಹತ್ತಾಂಗಿಲ್ಲ." ಆಕೆ ಹತ್ತುವುದಿಲ್ಲ ಅಂದರೆ ಸೊಸೆಯೂ ಹತ್ತುವಂತಿಲ್ಲ. ದಾರಿ ಹೆಗಲು ಸುತ್ತಿದರೆ ಕಣ್ಮರೆ. ಸೊಸೆ ತನ್ನ ಕಾಗದದ ಸುರುಳಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅದರಲ್ಲಿ ಬೆಳಿಗ್ಗೆ ಎಳೆದ ಅರ್ಧ ಗೆರೆಗಳಿದ್ದವು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಆಗ ಸೊಸೆ ಹೋಗಿ ಅತ್ತೆಯ ಮುಂದೆ ಮೊಣಕಾಲೂರಿದಳು. "ಅತ್ತೀ, ನಿಮ್ಮ ಉಡಿ ಖಾಲಿ ಅದರಿ. ನಂದು ಹಿಡೀರಿ."

"ಏನಂದಿ?"

"ನನ್ನ ಉಡಿ ನಿಮ್ಮ ಉಡ್ಯಾಗ ಸುರೀತೇನಿ, ಹಿಡೀರಿ."

ಮುದುಕಿ ಬೆಚ್ಚಿ ಹಿಂದೆ ಸರಿದಳು. "ತಲಿ ನೆಟ್ಟಗದ ಇಲ್ಲ? ಗಂಡ ಸತ್ತಾಕಿ ಉಡ್ಯಾಗ ಮುತ್ತೈದಿ ಉಡಿ ಸುರೀತೀ ಏನು?"

"ನೆಲಕ್ಕ ಇಡಬಾರದು ಅಂದವರು ನೀವು. ಗಿಡಕ್ಕ ಕಟ್ಟಬಾರದು ಅಂದವರೂ ನೀವು. ನೀವು ನೆಲಾನೂ ಅಲ್ಲ, ಗಿಡಾನೂ ಅಲ್ಲ ಅಲ್ರಿ?" ಸೊಸೆ ಉಡಿಯನ್ನು ಇನ್ನಷ್ಟು ಮುಂದೆ ಚಾಚಿದಳು. "ಬಸವಣ್ಣನ ಮಂದಿಗಿ ಮೈಲಿಗಿ ಇಲ್ಲ ಅಂತ ದಿನಾ ಲಿಂಗ ಕೈಯಾಗ ಹಿಡಿದು ನನಗ ಹೇಳ್ತೀರಿ. ಅದು ಮನ್ಯಾಗಷ್ಟೇ ಏನ್ರಿ ಅತ್ತೀ?"

ಅವಳು ಉತ್ತರಕ್ಕೆ ಕಾಯದೆ ಅತ್ತೆಯ ಸೆರಗನ್ನು ತಾನೇ ಮಡಿಲಿಗೆ ಹರಡಿ ಉಡಿ ಬಗ್ಗಿಸಿದಳು. ಜೋಳ ಸುರಿಯಿತು. ಮೇಲೆ ಕಾಯಿ, ಕಣ, ಅರಿಶಿನ.

ಉಳಿದವರು ನನ್ನ ಮುಖ ನೋಡಿದರು. ಇದು ಹೊರಗೆ ಬಿದ್ದರೆ ಎಷ್ಟು ಮನೆಗಳಿಂದ ಮಾತು ಬರುತ್ತದೆ, ಅದರಲ್ಲೂ ಕ್ರಿಸ್ತರ ಅಕ್ಕೋರು ನಮ್ಮ ರೂಢಿ ಕೆಡಿಸಿದಳು ಎಂದು ಹೇಗೆ ಹಬ್ಬುತ್ತದೆ ಎಂಬುದೆಲ್ಲ ಒಂದೇ ಕ್ಷಣದಲ್ಲಿ ತಲೆಗೆ ಬಂತು. ಬೇಡ, ಇಳಿಯೋಣ ಅಂದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ ಆ ಬೆನ್ನು ಕಣ್ಣ ಮುಂದಿತ್ತು. ಮುಂದೆ ಹೋಗಿ ಬಗ್ಗಿದೆ. "ಯವ್ವಾ, ನಂದೂ ಹಿಡೀರಿ."

ಆಮೇಲೆ ಒಬ್ಬೊಬ್ಬರಾಗಿ ಬಂದರು. ತವರಿನವಳು ಕೊನೆಗೆ ಉಳಿದಳು. ಆ ಉಡಿ ತುಂಬಿದವಳು ಅವಳ ತಾಯಿ. ಸ್ವಲ್ಪ ಹೊತ್ತು ಹೆಬ್ಬೆರಳಿನಿಂದ ಕಲ್ಲು ಕೆರೆಯುತ್ತ ನಿಂತು, "ನಮ್ಮವ್ವನ ಕೈ ಭಾಳ ಭಾರ್ರಿ, ನನಗ ಸಾಕಾಗ್ಯದ" ಎಂದು ಸುರಿದೇಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು.

ಮುದುಕಿ ನಗಲಿಲ್ಲ. ಮಡಿಲು ಎದೆಯ ಮಟ್ಟಕ್ಕೆ ತುಂಬಿತ್ತು. ಎರಡೂ ಕೈಯಿಂದ ಅದನ್ನು ಬಳಸಿ ಹಿಡಿದುಕೊಂಡು ಜೋಳವನ್ನೇ ನೋಡುತ್ತಿದ್ದಳು. ಇನ್ನು ತಾನು ಏಳುವಂತಿಲ್ಲ, ಸೊಸೆಯ ಹಿಂದೆ ಹೋಗುವಂತಿಲ್ಲ ಎಂದು ಆಕೆಗೆ ಹೊಳೆದದ್ದು ಆಮೇಲೆ. ಸೊಸೆಯ ಕಡೆ ಕತ್ತೆತ್ತಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಕಚ್ಚಿ ಬಿಗದು ಕಟ್ಕೋ," ಅಂದಳು. "ಎಡವೀ."

ಬಂಡೆಯ ಸಂದಿಯನ್ನು ನಾವು ಹೇಗೆ ಹತ್ತಿದೆವೋ! ಒಬ್ಬಳು ಮೇಲಿಂದ ಕೈ ಕೊಟ್ಟರೆ ಇನ್ನೊಬ್ಬಳು ಕೆಳಗಿಂದ ನೂಕಿದಳು. ಹಲಗೆಯನ್ನು ಕೈಯಿಂದ ಕೈಗೆ ದಾಟಿಸಿದೆವು. ಹಗುರಾದ ಮೈಗೆ ರೆಕ್ಕೆ ಬಂದಂತಿತ್ತು. ಹೆಗಲು ಸುತ್ತಿ ಕೊನೆಯ ಏರು ಏರಿದರೆ ನೆತ್ತಿ ನಮ್ಮ ಸಾಲೆಯ ಅಂಗಳದಂತೆ ಸಮತಟ್ಟು. ಮೊಣಕಾಲೆತ್ತರದ ಒಣಹುಲ್ಲು, ತಡೆಯಿಲ್ಲದ ಗಾಳಿ. ಕೆಳಗೆ ಕಪ್ಪು ನೆಲ, ಹಸಿರು ಕಡಲೆ, ಹಳದಿಗೆ ತಿರುಗಿದ ತೊಗರಿ. ಆಚೆ ಮಾಂಜ್ರಾ ಹೊಳೆ ಬಳುಕುತ್ತ ಹೊಳೆಯುತ್ತಿತ್ತು. ಅದರಾಚೆ ಭಾಲ್ಕಿಯ ಸೀಮೆ. ಇಷ್ಟು ದೊಡ್ಡದನ್ನು ಒಮ್ಮೆಗೇ ನೋಡಿದ್ದು ನಮಗೆಲ್ಲ ಅದೇ ಮೊದಲು. ಒಬ್ಬಳು ಸುಮ್ಮನೆ ಕೂತು ಅತ್ತಳು. ಯಾಕೆ ಎಂದರೆ "ಗೊತ್ತಿಲ್ರಿ, ಛಲೋ ಅನಸ್ತದ" ಅಂದಳು.

ನಾನೂ ಹಿಗ್ಗಿದ್ದೆ, ಆದರೆ ಕೆಲಸ ಬಾಕಿ ಇತ್ತು. ಹಲಗೆಯ ಕಾಲುಗಳಿಗೆ ಕಲ್ಲು ಒತ್ತಿಟ್ಟೆವು. ಕಾಗದದ ನಾಲ್ಕು ಮೂಲೆಗೂ ನಾಲ್ವರು ಬೆರಳು ಒತ್ತಿ ನಿಂತರು. ಮೊದಲು ಕಂಪಾಸಿನಿಂದ ಉತ್ತರ ಹೊಂದಿಸಬೇಕು. ಆಮೇಲೆ ಬೆಳಿಗ್ಗೆ ನಿಂತಿದ್ದ ದಿಬ್ಬದ ಕಡೆಗೆ ಹಿಂದಿರುಗಿ ಪಟ್ಟಿ ಇಟ್ಟು ಸರಿಯಿದೆಯೇ ಎಂದು ನೋಡಬೇಕು. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಗಾಳಿಗೆ ಹಲಗೆ ಸರಿದು ಎರಡು ಸಲ ಮೊದಲಿಂದ ಮಾಡಬೇಕಾಯಿತು. ಮೂರನೆಯ ಸಲ ದಿಬ್ಬದ ಗೆರೆ ಪಟ್ಟಿಯ ಅಂಚಿಗೆ ಕೂತಿತು.

ಸೊಸೆಯನ್ನೇ ಮೊದಲು ಕರೆದೆ. ಕುಶನೂರಿನ ಗುಡಿಯ ಕಡೆ ಕಣ್ಣು ಹಚ್ಚಿ ಉಸಿರು ಹಿಡಿದು ಗೆರೆ ಎಳೆದಳು. ಬೆಳಗಿನ ಗೆರೆಯನ್ನು ಅದು ದಾಟಿದ ಕಡೆ ಸೂಜಿಯ ಮೊನೆಯಷ್ಟು ಚುಕ್ಕಿ ಇಟ್ಟಳು. "ಗುಡಿ ಸಿಕ್ತು!" ಎಂದು ಅವಳು ಚೀರಿದ್ದು ನೋಡಬೇಕಿತ್ತು. ತಲೆಯ ಮೇಲಿನ ಸೆರಗು ಎಂದೋ ಜಾರಿತ್ತು. ಆಮೇಲೆ ಹೊಳೆಯ ತಿರುವು ಸಿಕ್ಕಿತು, ಹಳ್ಳಿಯ ಅಗಸಿ ಸಿಕ್ಕಿತು. ಪ್ರತಿಯೊಂದಕ್ಕೂ ಎಲ್ಲರೂ ಕೂಗಿದರು. ಪಾಳಿ ಕಾಯುವವರು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕೂತರು.

ನೆತ್ತಿಯ ಅಂಚಿಗೆ ಹೋದರೆ ಕೆಳಗೆ ಬಸರಿ ಮರ, ಅದರ ಬುಡದಲ್ಲಿ ಒಂದು ಕಂದು ಚುಕ್ಕೆ. ಎಲ್ಲರೂ ಸೇರಿ "ಯವ್ವೋ" ಎಂದು ಕೂಗಿದೆವು. ಸ್ವಲ್ಪ ಹೊತ್ತಿಗೆ ಕೆಳಗಿಂದ ಉತ್ತರ ಬಂತು: "ಜಲ್ದಿ ಬರ್ರೇ! ಮಂಗ್ಯಾ ಭಾಳ ಆಗ್ಯಾವ!"

ಇಳಿದು ಬರುವಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಮುದುಕಿ ಬಿಟ್ಟುಹೋದ ಹಾಗೆಯೇ ಕೂತಿದ್ದಳು. ಸುತ್ತ ಗೌರವದ ದೂರದಲ್ಲಿ ಮಂಗಗಳು ಕೂತಿದ್ದವು. ಒಂದು ಕಾಯಿಯೂ ಕಡಿಮೆಯಾಗಿರಲಿಲ್ಲ. ಈಗ ಹೊಸ ಪೇಚು: ಎಲ್ಲರ ಜೋಳವೂ ಬೆರೆತಿತ್ತು. ಯಾರ ಉಡಿ ಯಾವುದೆಂದು ಹೇಗೆ ಬೇರ್ಪಡಿಸುವುದು?

"ಸಾಲಾಗಿ ನಿಂದರ್ರಿ" ಎಂದಳು ಆಕೆ.

ನಾವು ನಿಂತೆವು. ಒಬ್ಬೊಬ್ಬರ ಸೆರಗಿಗೂ ಆಕೆ ಬೊಗಸೆ ತುಂಬಿ ತುಂಬಿ ಜೋಳ ಹಾಕಿದಳು, ಕಾಯಿ ಇಟ್ಟಳು, ಕಣ ಇಟ್ಟಳು. ಉಡಿ ತುಂಬುತ್ತಿದ್ದೇನೆ ಎಂದು ಆಕೆ ಅನ್ನಲಿಲ್ಲ. ನಾವೂ ಅನ್ನಲಿಲ್ಲ. ಆದರೆ ತವರಿನವಳು ತನ್ನ ಪಾಳಿ ಮುಗಿದ ಮೇಲೆ ಬಗ್ಗಿ ಆಕೆಯ ಕಾಲು ಮುಟ್ಟಿದಳು. ಆಮೇಲೆ ಎಲ್ಲರೂ ಮುಟ್ಟಿದರು. ನಮ್ಮ ಮನೆಯಲ್ಲಿ ಕಾಲು ಮುಟ್ಟುವ ರೂಢಿಯಿಲ್ಲ. ನಾನೂ ಮುಟ್ಟಿದೆ. ಕೊನೆಗೆ ಸೊಸೆಯ ಉಡಿ ತುಂಬಿದ ಮೇಲೂ ಆಕೆಯ ಮಡಿಲಲ್ಲಿ ನಾಲ್ಕಾರು ಬೊಗಸೆ ಉಳಿಯಿತು. ಎಲ್ಲರಿಗೂ ಒಂದೊಂದು ಹಿಡಿ ಕಡಿಮೆ ಹಾಕಿದ್ದಳೆಂದು ಕಾಣುತ್ತದೆ. ಉಳಿದದ್ದನ್ನು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಲು ಜೋಮು ಹಿಡಿದಿದ್ದವು. ಇಬ್ಬರು ಹಿಡಿದು ಎಬ್ಬಿಸಿದರು.

ಕುಶನೂರು ಮುಟ್ಟಿದಾಗ ದನಗಳು ಮನೆಗೆ ಬರುತ್ತಿದ್ದವು. ಬಸ್ಸು ಹೊರಡಲು ನಿಂತಿತ್ತು. ಅದರ ಪಕ್ಕದಲ್ಲೇ ಎಕಂಬಾದ ಗಾಡಿ. ಸೊಸೆ ಅತ್ತ ಬಸ್ಸು, ಇತ್ತ ಗಾಡಿ ನೋಡುತ್ತ ನಿಂತುಬಿಟ್ಟಳು. ಗುಡ್ಡದ ಮೇಲೆ ಅವಳು ಕಣ್ಮರೆಯಾಗಿದ್ದಳು. ಶರತ್ತು ಮುರಿದಿತ್ತು. ಕಂಡಕ್ಟರ್ ಕೂಗುತ್ತಿದ್ದ, ಆದರೆ ನಾವು ಯಾರೂ ಬಸ್ಸು ಹತ್ತಲಿಲ್ಲ.

"ಏನ ಬರದಿ ಮ್ಯಾಲ ಹೋಗಿ? ತೋರ್ಸು" ಎಂದಳು ಮುದುಕಿ.

ಸೊಸೆ ಕಾಗದ ಬಿಡಿಸಿ ಹಿಡಿದಳು. ಮುದುಕಿ ಅದರ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. "ಎಕಂಬಾ ಎಲ್ಲದ ಇದರಾಗ?"

"ಅದು ಇದರಾಗ ಬಂದಿಲ್ರಿ ಅತ್ತೀ. ಅದಕ್ಕ ಇನ್ನೊಂದು ಗುಡ್ಡ ಹತ್ತಬೇಕು."

ಮುದುಕಿ ಸೊಂಟದ ಗಂಟು ಸರಿಮಾಡಿಕೊಂಡು ಗಾಡಿ ಹತ್ತಿ ಕೂತಳು. ಹತ್ತುವಾಗ ಯಾರಿಗೂ ಕೈ ಕೊಡಲಿಲ್ಲ. ಗಾಡಿಯವನಿಗೆ ಹೊಡೆ ಎಂದು ಸನ್ನೆ ಮಾಡಿ ಸೊಸೆಯ ಕಡೆ ತಿರುಗಿದಳು.

"ಹಂಗಾದ್ರ ಅದನೂ ಹತ್ತು. ಯಾವತ್ತಂತ ಮೊದಲ ಹೇಳಿ ಕಳಸು, ಉಡಿ ಹಿಡೀಲಾಕ ನಾ ಬರ್ತೇನಿ."